ರೈಲು ಪಾಸೋ, ಬಿಡಿ ಟಿಕೆಟ್ಟೋ?

ನಮ್ಮ ಮೇಲೂರಿನಂಥ ರೇಷ್ಮೆ ಸೀಮೆಯ ಮಕ್ಕಳೂ ಈಗ ಕೆಲಸಕ್ಕೆಂದು ಜರ್ಮನಿ, ನೆದರ್ಲೆಂಡ್ಸ್ ಸೇರುತ್ತಿದ್ದಾರೆ. ಅವರನ್ನು ನೋಡಲು ಹೋಗುವ ಅಮ್ಮಂದಿರಿಗೆ 'ಅಕ್ಕಪಕ್ಕದ ನಾಲ್ಕು ದೇಶಾನೂ ನೋಡಿಬಿಡೋಣ' ಅನ್ನುವ ಆಸೆ ಸಹಜ. ಆದರೆ ರೈಲಿಗೆ ಪಾಸ್ ಕೊಳ್ಳೋದಾ, ಬಿಡಿ ಟಿಕೆಟ್ಟಾ?

ಯೂರೇಲ್ ಗ್ಲೋಬಲ್ ಪಾಸ್ 33 ದೇಶಗಳಲ್ಲಿ ನಡೆಯುತ್ತದೆ. ಅಷ್ಟಕ್ಕೇ ಮರುಳಾಗಬೇಡಿ, ನೀವು ಹೋಗೋದು ಮೂರೋ ನಾಲ್ಕೋ ದೇಶಕ್ಕೆ ತಾನೆ? ಪಾಸಿನ ಬೆಲೆಯನ್ನು ಪ್ರಯಾಣದ ದಿನಗಳಿಂದ ಭಾಗಿಸಿ, ಬಿಡಿ ಟಿಕೆಟ್ ದರದ ಪಕ್ಕದಲ್ಲಿ ಬರೆದು ನೋಡಿ. ಫ್ರಾನ್ಸ್, ಇಟಲಿ, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟು ಕಾಯ್ದಿರಿಸಲು ಬೇರೆ ದುಡ್ಡು ಕೊಡಬೇಕು. ಅದನ್ನೂ ಸೇರಿಸಿ. ಜರ್ಮನಿ, ಆಸ್ಟ್ರಿಯಾಗಳ ಹೆಚ್ಚಿನ ರೈಲುಗಳಿಗೆ ಆ ಕಡ್ಡಾಯವಿಲ್ಲ.

ಊರು, ದಿನ ಎರಡೂ ಗಟ್ಟಿಯಾಗಿದ್ದರೆ ಮುಂಚೆಯೇ ಕೊಂಡ ಬಿಡಿ ಟಿಕೆಟ್ಟೇ ಸಾಮಾನ್ಯವಾಗಿ ಅಗ್ಗ. ಆದರೆ ಅಂಥ ಟಿಕೆಟ್ ರದ್ದಾದರೆ ಹಣ ವಾಪಸ್ ಬರೋದು ಕಷ್ಟ. ವೀಸಾ ಕೈಸೇರುವ ತನಕ ತಡೆಯಿರಿ. ದಿನಕ್ಕೊಂದು ಊರು ನೋಡುವವರಿಗೆ, ಮನಸ್ಸು ಬಂದಾಗ ಹೊರಡುವವರಿಗೆ ಪಾಸ್ ವಾಸಿ. ದೊಡ್ಡವರೊಬ್ಬರ ಪಾಸಿನ ಜೊತೆ 12 ವರ್ಷದೊಳಗಿನ ಇಬ್ಬರು ಮಕ್ಕಳಿಗೆ ಪುಕ್ಕಟೆ. ಅಲ್ಲೇ ನೆಲೆಸಿರುವ ಮಗಳು ಮಾತ್ರ ಇಂಟರ್‌ರೇಲ್ ಪಾಸ್ ತಗೋಬೇಕು.

ಪಾಸಿನ ದುಡ್ಡು ವಸೂಲಾಗಲಿ ಅಂತ ಮಂಡಿನೋವಿನಲ್ಲೂ ದಿನಾ ರೈಲು ಹತ್ತಿ ಇಳಿಯೋದು ಯಾವ ಉಳಿತಾಯ? 'ಅವರೇ ನೋಡ್ಕೋತಾರೆ' ಅಂತ ಎಲ್ಲವನ್ನೂ ಮಕ್ಕಳಿಗೆ ಬಿಡಬೇಡಿ. ಯಾವ ಊರಲ್ಲಿ ಎರಡು ದಿನ ನಿಲ್ಲಬೇಕು ಅನ್ನೋದು ಈ ಲೆಕ್ಕದಲ್ಲೇ ತೀರ್ಮಾನವಾಗುತ್ತೆ. ತಿಂಗಳ ದಿನಸಿ ಚೀಟಿ ತೂಗಿಸುವ ನಿಮಗೆ ಇದೇನು ಮಹಾ? ಪೆನ್ನು ನೀವೇ ಹಿಡಿಯಿರಿ.