ಶಿಶುಶಿಕ್ಷಕಿಯ ಯೋಗಕ್ಷೇಮ

ಒಂದನೆಯ ಇಯತ್ತೆಗೆ ಬರುವ ಮಗು ಏನೂ ಅರಿಯದೆ ಬರುವುದಿಲ್ಲ. ತಾಯಿಯನ್ನು ಬಿಟ್ಟು ಅಳದೆ ಕೂಡುವುದನ್ನು, ಕೂಡಿ ಹಾಡುವುದನ್ನು, ಕೈ ತೊಳೆದು ಉಣ್ಣುವುದನ್ನು ಅದಕ್ಕೆ ಈ ಮೊದಲೇ ಒಬ್ಬಾಕೆ ಕಲಿಸಿರುತ್ತಾಳೆ. ಆಕೆಯನ್ನು ಶಿಕ್ಷಕಿಯೆಂದು ಕರೆಯಲು ಮಾತ್ರ ನಮಗೇಕೋ ಸಂಕೋಚ. ಸರಕಾರದ ಕಡತದಲ್ಲಿ ಆಕೆ ಅಂಗನವಾಡಿ ಕಾರ್ಯಕರ್ತೆ. ಆಕೆಗೆ ಸಲ್ಲುವುದು ಸಂಬಳವಲ್ಲ, ಗೌರವಧನ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ನೆಲೆ ತಿರುಮಕೂಡಲು ನರಸೀಪುರ. ಇಂದು ಬೆಟಗೇರಿಯ ತಾಯಿ ಮಗ್ಗದ ಕೆಲಸಕ್ಕೆ ಕುಳಿತಾಗ, ಲಕ್ಷ್ಮೇಶ್ವರ-ಶಿರಹಟ್ಟಿಗಳ ತಾಯಿ ಕಳೆ ತೆಗೆಯಲು ಹೊಲಕ್ಕೆ ನಡೆದಾಗ, ಮುಂಡರಗಿ ಸೀಮೆಯ ದಂಪತಿಗಳು ಗುಳೆ ಹೋಗಿ ಮಗು ಅಜ್ಜಿಯ ಬಳಿ ಉಳಿದಾಗ, ಹಗಲಿನ ಆಸರೆ ಅಂಗನವಾಡಿಯೇ.

ಆದರೆ ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವು ಒಂದು ಮಾತ್ರ. ಮಕ್ಕಳ ತೂಕ, ಚುಚ್ಚುಮದ್ದಿನ ನೆನಪು, ಆಹಾರದ ಲೆಕ್ಕ, ಇವುಗಳ ಜೊತೆಗೆ 2017ರಲ್ಲಿ ಮಾತೃಪೂರ್ಣ ಯೋಜನೆಯಿಂದ ಗರ್ಭಿಣಿ-ಬಾಣಂತಿಯರ ಬಿಸಿಯೂಟವೂ ಕೂಡಿತು. ಪುಸ್ತಕದಲ್ಲಿ ಬರೆದುದನ್ನು ಮೊಬೈಲಿನಲ್ಲಿಯೂ ತುಂಬಬೇಕು. ಮತದಾರರ ಪಟ್ಟಿಯ ಕೆಲಸ ಬಂದರೆ ಮನೆಮನೆ ತಿರುಗಬೇಕು. (ಇಷ್ಟಾದ ಮೇಲೆ ಮಕ್ಕಳಿಗೆ ಹಾಡು ಬರುವುದಿಲ್ಲವೆಂದು ನಾವು ಆಕ್ಷೇಪಿಸುತ್ತೇವೆ!) ದಣಿದ ಕೊರಳಿನಿಂದ ಕಥೆ ಹೊರಡುವುದೆಂತು? ತಾಳ್ಮೆಯೂ ಸವೆಯುವ ವಸ್ತು. ಶಿಕ್ಷಕಿಯ ಬೇಸರವನ್ನು ಮೊದಲು ಅರಿಯುವುದು ಮೂರು ವರ್ಷದ ಕೂಸು.

2018ರಲ್ಲಿ ಕೇಂದ್ರ ಸರಕಾರವು ಕಾರ್ಯಕರ್ತೆಯ ಗೌರವಧನವನ್ನು ತಿಂಗಳಿಗೆ 4,500 ರೂಪಾಯಿಗೆ, ಸಹಾಯಕಿಯದನ್ನು 2,250ಕ್ಕೆ ಏರಿಸಿತು; ರಾಜ್ಯವು ತನ್ನದನ್ನು ಇದಕ್ಕೆ ಕೂಡಿಸುತ್ತದೆ. ಇವರದು ಸರಕಾರಿ ಹುದ್ದೆಯಲ್ಲವೆಂದು ನಮ್ಮ ರಾಜ್ಯದ ಮೊಕದ್ದಮೆಯಲ್ಲಿಯೇ 2006ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು, 2022ರ ಏಪ್ರಿಲ್ 25ರಂದು ಗುಜರಾತಿನ ಮೊಕದ್ದಮೆಯಲ್ಲಿ, 1972ರ ಕಾಯಿದೆಯಂತೆ ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು. ಆದರೂ 2023ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇವರು ಹಗಲಿರುಳು ಧರಣಿ ಕೂಡಬೇಕಾಯಿತು. ಗ್ರಾಚ್ಯುಟಿಯೊಂದೇ ಅಲ್ಲ, ಶಿಕ್ಷಕಿಯೆಂಬ ಹೆಸರೂ ಅವರ ಬೇಡಿಕೆಯಾಗಿತ್ತು.

ವೇತನವನ್ನು ಸರಕಾರವೇ ಕೊಡಬೇಕು. ಅದನ್ನು ಸನ್ಮಾನದಿಂದ ತುಂಬಲಾಗದು. ಆದರೆ ನಮ್ಮ ಶಾಲೆಗಳ ಕೈಯಲ್ಲಿಯೂ ಕೆಲವು ಕಾರ್ಯಗಳುಂಟು. ಸುತ್ತಣ ಅಂಗನವಾಡಿಯ ತಾಯಂದಿರಿಗೆ ನಮ್ಮ ಗ್ರಂಥಾಲಯವನ್ನೂ ಆಟದ ಬಯಲನ್ನೂ ತೆರೆದಿಡಬಹುದು. ಅವರ ಲೆಕ್ಕಪತ್ರಗಳಿಗೆ ನಮ್ಮ ತರುಣ ಶಿಕ್ಷಕರು ತಿಂಗಳಿಗೊಂದು ದಿನ ನೆರವಾಗಬಹುದು. ಬರುವ ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಗೆ ಅವರನ್ನೂ ಆಮಂತ್ರಿಸೋಣ. ಆಮಂತ್ರಣಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ ಶಿಕ್ಷಕಿಯೆಂದೇ ಅಚ್ಚು ಹಾಕಿಸೋಣ.