ದುಂಡಗೆ ನಿಂತರೆ ಹಿಂದಿನ ಬೆಂಚಿಲ್ಲ

ಭತ್ತದ ಒಕ್ಕಲು ಮುಗಿದು ಕಾರಟಗಿಯ ರೈಸ್ ಮಿಲ್ಲುಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಬೆಳೆಯುವ ಹೊತ್ತಿಗೆ ಸರಿಯಾಗಿ ನಮ್ಮ ಶಾಲೆಗಳಲ್ಲಿ ಗ್ಯಾದರಿಂಗಿನ ಗಡಿಬಿಡಿ ಶುರುವಾಗುತ್ತದೆ. ಆಮಂತ್ರಣ ಪತ್ರಿಕೆಯಲ್ಲಿ ‘ವಾರ್ಷಿಕ ಸ್ನೇಹ ಸಮ್ಮೇಳನ’ ಎಂದು ಅಚ್ಚಾಗಿರುತ್ತದೆ. ಊರವರ ಬಾಯಲ್ಲಿ ಅದು ಗ್ಯಾದರಿಂಗೇ. ‘ಸರ್ರ, ನಮ್ಮ ಹುಡುಗನ್ನೂ ಡ್ಯಾನ್ಸಿನ್ಯಾಗ ತಗೋರಿ, ಡ್ರೆಸ್ಸಿಗೆ ಎಷ್ಟಾಗತೈತಿ ಹೇಳ್ರಿ’ ಎಂದು ಪಾಲಕರು ಬೆನ್ನು ಹತ್ತುತ್ತಾರೆ. ವರ್ಗದಲ್ಲಿ ನಲವತ್ತು ಮಕ್ಕಳಿದ್ದರೆ ಹತ್ತೋ ಹನ್ನೆರಡೋ ಮಕ್ಕಳು ವೇದಿಕೆ ಹತ್ತುತ್ತಾರೆ. ಉಳಿದವರು ಶಾಮಿಯಾನದ ಕೆಳಗೆ ಕೂತು ನೋಡುತ್ತಾರೆ.

ನನ್ನ ತಕರಾರು ಸಿನಿಮಾ ಹಾಡಿನ ಮೇಲಲ್ಲ. ಅವುಗಳಲ್ಲಿ ಒಳ್ಳೆಯ ಹಾಡುಗಳು ಎಷ್ಟೋ ಇವೆ. ನಾನು ನೋಡುವುದು ಬೇರೆ. ಕುಣಿಯುವ ಆ ಹನ್ನೆರಡು ಮಕ್ಕಳಲ್ಲಿ ಒಬ್ಬರೂ ಹಾಡುತ್ತಿರುವುದಿಲ್ಲ. ಹಾಡುವವರು ಹಿಂದೆ ಕ್ಯಾಸೆಟ್ಟಿನಲ್ಲಿದ್ದರು, ಈಗ ಪೆನ್‌ಡ್ರೈವಿನಲ್ಲಿದ್ದಾರೆ. ಮಕ್ಕಳ ತುಟಿ ಅಲ್ಲಾಡುತ್ತದೆ, ದನಿ ಇರುವುದಿಲ್ಲ. ಇದ್ದರೂ ಆಳೆತ್ತರದ ಸ್ಪೀಕರುಗಳ ಮುಂದೆ ಅದು ಯಾರಿಗೆ ಕೇಳಬೇಕು? ಕೂತು ನೋಡುವ ಇಪ್ಪತ್ತೆಂಟು ಮಕ್ಕಳಿಗಂತೂ ಹಾಡೂ ಇಲ್ಲ, ಕುಣಿತವೂ ಇಲ್ಲ.

ಹಾಡುತ್ತ ಕುಣಿಯುವುದರಿಂದ ಏನು ಬಂತು, ಪಾಠ ಮುಗಿದರೆ ಸಾಕಲ್ಲ ಎನ್ನುವವರಿಗೆ ಒಂದು ಪ್ರಯೋಗದ ವಿಷಯ ಹೇಳಬೇಕು. ಜರ್ಮನಿಯ ಲೈಪ್‌ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕಿರ್ಶ್ನರ್ ಮತ್ತು ಟೊಮಾಸೆಲ್ಲೊ 2010ರಲ್ಲಿ ಪ್ರಕಟಿಸಿದ್ದು ಇದು. ನಾಲ್ಕು ವರ್ಷದ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದರು. ಕೆಲವು ಜೋಡಿಗಳು ಒಟ್ಟಿಗೆ ಹಾಡುತ್ತ, ತಾಳ ಹಾಕುತ್ತ, ಹೆಜ್ಜೆ ಹಾಕುತ್ತ ಕಪ್ಪೆಗಳನ್ನು ಎಬ್ಬಿಸುವ ಆಟ ಆಡಿದವು. ಉಳಿದ ಜೋಡಿಗಳು ಅದೇ ಆಟವನ್ನು ಹಾಡು, ತಾಳ ಇಲ್ಲದೆ ಆಡಿದವು. ಆಮೇಲೆ ಗೋಲಿ ತುಂಬಿದ ಕೊಳವೆಗಳನ್ನು ಹೊತ್ತು ತರುವ ಕೆಲಸ ಕೊಟ್ಟರು. ಒಬ್ಬರ ಕೊಳವೆಯ ತಳ ಕಳಚಿ ಗೋಲಿಗಳು ಚೆಲ್ಲುವಂತೆ ಮೊದಲೇ ಏರ್ಪಾಡಾಗಿತ್ತು. ಯಾರು ತಮ್ಮ ಕೆಲಸ ಬಿಟ್ಟು ಗೋಲಿ ಆರಿಸಲು ಬಂದರು? ಕೂಡಿ ಹಾಡಿದ ಮಕ್ಕಳೇ ಹೆಚ್ಚಾಗಿ ಬಂದರು. ಆಟ ಒಂದೇ, ಮಕ್ಕಳ ವಯಸ್ಸೂ ಒಂದೇ. ನಡುವೆ ಇದ್ದ ವ್ಯತ್ಯಾಸ ಹಾಡು ಮತ್ತು ತಾಳ.

ಈ ಮಾತನ್ನು ಪ್ರಯೋಗಕ್ಕೂ ಬಹಳ ಮೊದಲೇ ಕಂಡುಕೊಂಡವರು ಜಪಾನಿನ ಶಿಕ್ಷಕರು. ಅಲ್ಲಿ ಸಣ್ಣ ಮಕ್ಕಳೆಲ್ಲರಿಗೂ ಗೊತ್ತಿರುವ ಒಂದು ಹಾಡಿದೆ, ‘ಮುಸುಂದೆ ಹಿರಾಯಿತೆ’. ಮುಷ್ಟಿ ಕಟ್ಟುವುದು, ಬಿಚ್ಚುವುದು, ಚಪ್ಪಾಳೆ ತಟ್ಟುವುದು, ಕೈ ಮೇಲೆತ್ತುವುದು, ಇಷ್ಟೇ ಅದರ ಅಭಿನಯ. ಎರಡು ವರ್ಷದ ಕೂಸಿಗೂ ಬರುತ್ತದೆ. ಇದರ ರಾಗ ಮಾತ್ರ ಜಪಾನಿನದಲ್ಲ. ಫ್ರೆಂಚ್ ಚಿಂತಕ ರೂಸೋ 1752ರಲ್ಲಿ ಬರೆದ ಗೀತನಾಟಕಕ್ಕೆ ಅದರ ಮೂಲವನ್ನು ಒಯ್ದು ಮುಟ್ಟಿಸುತ್ತಾರೆ. ಜಪಾನಿನ ಮೊದಲ ಶಾಲಾ ಗೀತೆಗಳ ಪುಸ್ತಕ ಹೊರಬಂದದ್ದು 1881ರಲ್ಲಿ. ಇಸಾವಾ ಶೂಜಿ ಎಂಬ ಶಿಕ್ಷಣಾಧಿಕಾರಿ ಅಮೆರಿಕದ ಸಂಗೀತ ಶಿಕ್ಷಕ ಮೇಸನ್ನರನ್ನು ಕರೆಸಿಕೊಂಡು ಮಾಡಿದ ಕೆಲಸ ಅದು. ಅದರಲ್ಲಿ ಈ ರಾಗ ಬೇರೆ ಮಾತುಗಳೊಡನೆ ಸೇರಿತ್ತು. ಈಗಿನ ಮುಷ್ಟಿಯ ಹಾಡಾಗಿ ಪಠ್ಯಪುಸ್ತಕಕ್ಕೆ ಬಂದದ್ದು ಯುದ್ಧ ಮುಗಿದ ಮೇಲೆ, 1947ರಲ್ಲಿ. ರಾಗ ಎಲ್ಲಿಯದಾದರೇನು, ಕೈ ನಮ್ಮವೇ ತಾನೆ ಎಂದು ಅವರು ತಿಳಿದಂತಿದೆ. ಅಲ್ಲಿಯ ಶಾಲಾ ಕ್ರೀಡಾದಿನದಲ್ಲಿ ಇಡೀ ವರ್ಗಕ್ಕೆ ವರ್ಗವೇ ಮೈದಾನಕ್ಕಿಳಿದು ಕುಣಿಯುವುದು ಇಂದಿಗೂ ರೂಢಿ.

‘ತೊತ್ತೋಚಾನ್’ ಕನ್ನಡಕ್ಕೂ ಬಂದಿರುವ ಪುಸ್ತಕ. ಓದಿರದ ಶಿಕ್ಷಕರು ದಯವಿಟ್ಟು ಓದಬೇಕು. ತೆತ್ಸುಕೊ ಕುರೊಯಾನಗಿ 1981ರಲ್ಲಿ ಬರೆದ ಬಾಲ್ಯದ ನೆನಪುಗಳು ಅವು. ಒಂದು ಶಾಲೆಯಿಂದ ‘ಈ ಹುಡುಗಿ ನಮಗೆ ಬೇಡ’ ಎಂದು ಹೊರಹಾಕಿಸಿಕೊಂಡ ಮಗು, ತೊಮೊಯೆ ಎಂಬ ಇನ್ನೊಂದು ಶಾಲೆಗೆ ಸೇರುತ್ತದೆ. ಮುಖ್ಯೋಪಾಧ್ಯಾಯ ಕೊಬಯಾಶಿ ಅವರು ಯುರೋಪಿಗೆ ಹೋಗಿ ಡಾಲ್‌ಕ್ರೋಜ್ ಪದ್ಧತಿಯ ಲಯಶಿಕ್ಷಣ ಕಲಿತು ಬಂದವರು. ಅವರು ಪಿಯಾನೊ ನುಡಿಸಿದರೆ ಮಕ್ಕಳು ಆ ತಾಳಕ್ಕೆ ಕೈ ಬೀಸುತ್ತ ಹೆಜ್ಜೆ ಹಾಕಬೇಕು. ಮಧ್ಯಾಹ್ನದ ಬುತ್ತಿ ಬಿಚ್ಚುವ ಮುನ್ನ, ಚೆನ್ನಾಗಿ ಅಗಿದು ತಿನ್ನಿ ಎನ್ನುವ ಹಾಡನ್ನು ಎಲ್ಲರೂ ಕೂಡಿ ಹಾಡಬೇಕು. ಜೀರ್ಣಕ್ರಿಯೆಯ ಪಾಠವನ್ನು ನಾನು ಮೂವತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಅಷ್ಟು ಸುಲಭವಾಗಿ ಹೇಳಿದವರನ್ನು ಕಂಡಿಲ್ಲ! ಪೋಲಿಯೊದಿಂದ ಕೈಕಾಲು ಸೊರಗಿದ ಹುಡುಗನೂ ಆ ಶಾಲೆಯ ಮಕ್ಕಳಲ್ಲಿ ಒಬ್ಬನಾಗಿದ್ದ. 1945ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟು ಹೋಯಿತು.

ಜಪಾನಿನ ಮಾತಾಯಿತು. ನಮ್ಮಲ್ಲಿ ಏನು ಕಡಿಮೆ ಇತ್ತು? ಆಷಾಢದಲ್ಲಿ ಮಣ್ಣಿನ ಗುಳ್ಳವ್ವನನ್ನು ಕೂರಿಸಿ ಹಾಡುವ ಹೆಣ್ಣುಮಕ್ಕಳು, ಗೌರಿ ಹುಣ್ಣಿಮೆಯಲ್ಲಿ ಸಕ್ಕರೆ ಆರತಿ ಹಿಡಿದು ಓಣಿ ತುಂಬಿಸುವ ಹೆಣ್ಣುಮಕ್ಕಳು ಯಾವ ಸ್ಪೀಕರನ್ನೂ ಕಾಯುತ್ತಿರಲಿಲ್ಲ. ಮತ್ತೆ ಫುಗಡಿ! ಇಬ್ಬರು ಎದುರುಬದುರು ನಿಂತು, ಕೈಗಳನ್ನು ಕತ್ತರಿಯಾಗಿ ಹಿಡಿದು, ಪಾದ ಹತ್ತಿರ ಇಟ್ಟು, ಮೈ ಹಿಂದಕ್ಕೆ ಬಿಟ್ಟು ಗಿರಗಿರನೆ ತಿರುಗುವ ಆಟ. ಒಂಬತ್ತನೆಯ ವರ್ಗದವರಿಗೆ ವೃತ್ತೀಯ ಚಲನೆ ಹೇಳುವಾಗ ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಇಬ್ಬರನ್ನೂ ವೃತ್ತದಲ್ಲಿ ಹಿಡಿದಿಡುವುದು ಕೈಗಳ ಎಳೆತ. ತೂಕದ ಹುಡುಗಿ ಸಣ್ಣ ವೃತ್ತದಲ್ಲಿ, ಹಗುರಾದವಳು ದೊಡ್ಡ ವೃತ್ತದಲ್ಲಿ ಸುತ್ತುತ್ತಾರೆ. ಕೈ ಬಿಟ್ಟರೆ ಸ್ಪರ್ಶಕದ ಗುಂಟ ಹೋಗಿ ಬೀಳುವುದೇ ಸೈ. ನಿಂತ ಮೇಲೂ ಜಗತ್ತು ತಿರುಗುತ್ತಿರುವಂತೆ ಕಾಣಲು ಕಾರಣ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿರುವ ದ್ರವ. ಮೈ ನಿಂತರೂ ಅದು ಒಡನೆ ನಿಲ್ಲುವುದಿಲ್ಲ.

ಇಂಥ ಆಟದ ಲಯವನ್ನು ಕಾಗದಕ್ಕೆ ಇಳಿಸಿದವರೊಬ್ಬರು ನಮ್ಮ ಜಿಲ್ಲೆಯವರೇ. ಯಲಬುರ್ಗಿ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು, ‘ಕಾವ್ಯಾನಂದ’. ನಿಜಾಮನ ಸೀಮೆಯಲ್ಲಿ ಶಾಲೆ ಎಂದರೆ ಉರ್ದು ಎನ್ನುವ ಕಾಲದಲ್ಲಿ ಬೆಳೆದವರು. ಮುಂದೆ ಐಎಎಸ್ ಅಧಿಕಾರಿಯಾದವರು. ಕಡತಗಳ ನಡುವೆಯೇ ಮಕ್ಕಳಿಗೆ ‘ತುಪ್ಪಾ ರೊಟ್ಟಿ ಗೇಗೇಗೇ’ಯಂಥ ಪುಸ್ತಕ ಕೊಟ್ಟರು. ಹೆಸರು ಓದಿದರೇ ಕಾಲು ತಾಳ ಹಾಕುತ್ತದೆ. 1994ರಲ್ಲಿ ತೀರಿಕೊಂಡರು. ಪಂಜೆ ಮಂಗೇಶರಾಯರು, ರಾಜರತ್ನಂ ಅವರ ಪದ್ಯಗಳನ್ನು ನಮ್ಮ ಶಿಕ್ಷಕರು ಇಂದಿಗೂ ಹೇಳಿಸುತ್ತಾರೆ. ಕೊಪ್ಪಳದ ಶಾಲೆಗಳಲ್ಲೇ ಪುರಾಣಿಕರ ಹಾಡು ಅಪರೂಪವಾಗಿರುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಊರಿಗೆ ಇದು ಬರೀ ಮನರಂಜನೆಯ ವಿಷಯವೂ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಸುತ್ತಲೂ ಇವೆ. ಒಂದನೆಯ ವರ್ಗದಲ್ಲಿ ತೆಲುಗಿನ ಮಗು, ಉರ್ದುವಿನ ಮಗು, ಲಂಬಾಣಿ ಮಗು, ಕನ್ನಡದ ಮಗು ಒಂದೇ ಚಾಪೆಯ ಮೇಲೆ ಕೂರುತ್ತವೆ. ಕ್ಯಾಂಪಿನ ಒಂದು ಹುಡುಗಿಯನ್ನು ನಾನು ಕಂಡಿದ್ದೆ. ಶಾಲೆಗೆ ಸೇರಿ ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಹಾಜರಿ ಕೂಗಿದರೆ ತಲೆ ಬಗ್ಗಿಸುವಳು. ಅಭಿನಯ ಗೀತೆಯ ಹೊತ್ತಿಗೆ ಮಾತ್ರ ಪಕ್ಕದವಳನ್ನು ನೋಡಿ ಕೈ ಆಡಿಸುತ್ತಿದ್ದಳು. ಕೈ ಸರಿಹೋದ ಮೇಲೆ ಸಾಲಿನ ಕೊನೆಯ ಶಬ್ದ ಬಂತು, ಆಮೇಲೆ ಇಡೀ ಸಾಲು. ದೀಪಾವಳಿಯ ಹೊತ್ತಿಗೆ ‘ಸರ್ರ, ನೀರ ಕುಡದು ಬರ್ತೀನ್ರಿ’ ಎಂದಳು, ನಮ್ಮ ಕಾರಟಗಿ ಕನ್ನಡದಲ್ಲಿ! ಹಾಡನ್ನು ಪಾಠದೊಳಗೇ ಹೆಣೆದ ನಲಿ-ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂತು. ಅದರ ಬಗ್ಗೆ ಶಿಕ್ಷಕರಲ್ಲಿ ನೂರು ಅಭಿಪ್ರಾಯಗಳಿವೆ, ಇರಲಿ. ಮಕ್ಕಳನ್ನು ಸಾಲಿನಿಂದ ಎಬ್ಬಿಸಿ ದುಂಡಗೆ ಕೂರಿಸಿತಲ್ಲ, ಅದಂತೂ ನನಗೆ ಹಿಡಿಸಿತು.

ದುಂಡಗೆ ನಿಲ್ಲುವುದರಲ್ಲಿ ಭೌತವಿಜ್ಞಾನವೂ ಇದೆ. ದೊಡ್ಡ ಶಾಲೆಯ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿನವರು ಯಾವಾಗಲೂ ಎಳೆದು ಹಾಡುವುದನ್ನು ಕೇಳಿದ್ದೀರಲ್ಲ? ಅದು ಸೋಮಾರಿತನವಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮುಂದಿನವರ ದನಿ 34 ಮೀಟರ್ ಹಿಂದೆ ನಿಂತವರನ್ನು ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅವರ ದನಿ ಮುಂದಕ್ಕೆ ಮರಳಲು ಇನ್ನಷ್ಟೇ. ತಾಳ ಕೆಡಲು ಅಷ್ಟು ಸಾಕು. ಅದೇ 24 ಮಕ್ಕಳು ಮೀಟರಿಗೊಬ್ಬರಂತೆ ದುಂಡಗೆ ನಿಂತರೆ ವೃತ್ತದ ವ್ಯಾಸ ಏಳೂವರೆ ಮೀಟರ್ ಚಿಲ್ಲರೆ. ಈ ಅಂಚಿನ ಚಪ್ಪಾಳೆ ಆ ಅಂಚಿಗೆ ಸೆಕೆಂಡಿನ ನಲವತ್ತನೆಯ ಒಂದು ಭಾಗಕ್ಕಿಂತ ಮೊದಲೇ ಮುಟ್ಟುತ್ತದೆ. ಎಲ್ಲರಿಗೂ ಎಲ್ಲರ ಮುಖ ಕಾಣುತ್ತದೆ, ಎಲ್ಲರ ಕೈ ಕಾಣುತ್ತದೆ.

ಆದ್ದರಿಂದ ಗ್ಯಾದರಿಂಗಿನಲ್ಲಿ ಒಂದನೆಯ, ಎರಡನೆಯ ವರ್ಗದವರಿಗಾದರೂ ಹತ್ತು ನಿಮಿಷ ಸ್ಪೀಕರ್ ಬಂದ್ ಮಾಡಿ ಅಂಗಳಕ್ಕೆ ಬಿಡಿ. ಇಪ್ಪತ್ತು, ಇಪ್ಪತ್ತೈದರ ಬಳಗ ಮಾಡಿ. ಡ್ರೆಸ್ ಬೇಡ, ಸಮವಸ್ತ್ರ ಸಾಕು. ನನಗೆ ರಾಗ ಬರುವುದಿಲ್ಲ ಎನ್ನುವ ಶಿಕ್ಷಕರು ಡಬ್ಬಿ ಬಡಿದರೂ ನಡೆಯುತ್ತದೆ. ಹಾಡು ಎತ್ತುವ ಕೆಲಸವನ್ನು ಚುರುಕು ಮಕ್ಕಳಿಗೆ ಕೊಡಬೇಡಿ, ಅವು ಓಡುತ್ತವೆ. ನಿಧಾನದ ಮಗುವಿಗೆ ಕೊಡಿ. ಉಳಿದವು ಅದಕ್ಕಾಗಿ ಕಾಯುತ್ತವೆ.