ಗಿರಾಕಿ ಕೊಟ್ಟ ವಿಳಾಸ ಗಿರಾಕಿಯದೇ



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮ್ಮ ಸದಸ್ಯರಲ್ಲಿ ಅನೇಕರು ಸಣ್ಣ ವ್ಯಾಪಾರಸ್ಥರು. ಚಾದರ, ಟವೆಲ್, ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಾರಿ ಸಂಸಾರ ನಡೆಸುವವರು. ಇವರಲ್ಲಿ ಕೆಲವರು ಇತ್ತೀಚೆಗೆ ಸಂಘಕ್ಕೆ ಒಂದು ಬೇಡಿಕೆ ತರುತ್ತಿದ್ದಾರೆ: "ಸದಸ್ಯರ ಮೊಬೈಲ್ ನಂಬರ್, ಇ-ಮೇಲ್ ಇರುವ ಪಟ್ಟಿ ಕೊಡಿ, ಹೊಸ ಮಾಲು ಬಂದಾಗ ತಿಳಿಸುತ್ತೇವೆ." ಪಟ್ಟಿ ಕೊಡಲು ಬರುವುದಿಲ್ಲ ಎಂದು ನಾವು ಹೇಳಿದ್ದೇವೆ. ಕೆಲವರಿಗೆ ಬೇಸರವಾಗಿದೆ. ಆದ್ದರಿಂದ ಕಾರಣವನ್ನು ಎಲ್ಲರ ಮುಂದೆ ಇಡುವುದು ಒಳ್ಳೆಯದು.

ಮೊದಲು ಕಾನೂನಿನ ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಕಲಮುಗಳಿಗೆ 18 ತಿಂಗಳ ಕಾಲಾವಕಾಶವಿದ್ದು, 2027ರ ಮೇ ತಿಂಗಳಿಗೆ ಅವು ಜಾರಿಯಾಗಬೇಕು.

ಕಾಯ್ದೆಯ ತಿರುಳು ಸರಳ. ಹೆಸರು, ನಂಬರ್, ವಿಳಾಸ ಯಾರದೋ ಅವರೇ ಅದರ ಒಡೆಯರು. ಯಾವ ಕೆಲಸಕ್ಕೆ ಕೊಟ್ಟರೋ ಅದಕ್ಕಷ್ಟೇ ಬಳಸಬೇಕು. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲು ಬರಬೇಕು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ: ಔಷಧ ಅಂಗಡಿಯಲ್ಲಿ ಗಿರಾಕಿ ರಸೀದಿ ಕಳಿಸಿರೆಂದು ತಾನಾಗಿ ನಂಬರ್ ಕೊಟ್ಟರೆ, ಅಂಗಡಿಯವರು ರಸೀದಿ ಕಳಿಸಲು ಅದನ್ನು ಬಳಸಬಹುದು. ಅಂದರೆ ಬಿಲ್ಲಿಗೆಂದು ಕೊಟ್ಟ ನಂಬರಿಗೆ ದೀಪಾವಳಿ ರಿಯಾಯಿತಿಯ ಜಾಹೀರಾತು ಕಳಿಸಬೇಕಾದರೆ ಅದಕ್ಕೆ ಬೇರೆಯಾಗಿಯೇ ಕೇಳಬೇಕು. ಕಾಗದದ ವಹಿಯಲ್ಲಿ ಇರುವವರೆಗೆ ಈ ಕಾಯ್ದೆ ತಾಗುವುದಿಲ್ಲ. ಮೊಬೈಲಿಗೋ ಕಂಪ್ಯೂಟರಿಗೋ ಏರಿಸಿದ ಮೇಲೆ ತಾಗುತ್ತದೆ. ಸಂಘದ ಸದಸ್ಯತ್ವ ಪಟ್ಟಿಗೂ ಇದೇ ಮಾತು. ಸದಸ್ಯರು ವಿಳಾಸ ಕೊಟ್ಟದ್ದು ಸಂಘದ ಸಭೆ, ಸಮಾರಂಭಗಳ ಸುದ್ದಿಗಾಗಿ, ಚಾದರ ಕೊಳ್ಳುವುದಕ್ಕಲ್ಲ.

ಗಡಿಯಾಚೆ ಇರುವ ನಮಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದಲು ಅವಕಾಶ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅದರಲ್ಲಿ ಕನ್ನಡವೂ ಸೇರಿದೆ. ಮಹಾರಾಷ್ಟ್ರದಲ್ಲಿದ್ದರೂ ಕನ್ನಡದಲ್ಲಿ ಕೇಳುವ ಹಕ್ಕು ನಮ್ಮದು.

ಇನ್ನು ವ್ಯಾಪಾರದ ಲೆಕ್ಕ. ಕಾನೂನು ಇಲ್ಲದಿದ್ದರೂ ಎರವಲು ಪಟ್ಟಿಯಿಂದ ಲಾಭವಿಲ್ಲ. ಗುರುತಿಲ್ಲದವರ ಇ-ಮೇಲನ್ನು ಜನ ತೆರೆಯದೆ ಕಸವೆಂದು ಗುರುತು ಹಾಕುತ್ತಾರೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳಿಸುವವರ ಬಗ್ಗೆ ಹೀಗೆ ಬರುವ ದೂರು ಸಾವಿರಕ್ಕೆ ಮೂರನ್ನು ಮುಟ್ಟಬಾರದೆಂದು ಜಿಮೇಲ್ 2024ರ ಫೆಬ್ರವರಿಯಿಂದ ಕಟ್ಟು ಹಾಕಿದೆ. ನಮ್ಮವರು ಅಷ್ಟು ಕಳಿಸುವುದಿಲ್ಲ, ನಿಜ. ಆದರೂ ದೂರು ಹೆಚ್ಚಾದರೆ ಸಣ್ಣವರ ಪತ್ರವೂ ಕಸದ ಪೆಟ್ಟಿಗೆಗೇ ಬೀಳುತ್ತದೆ. ಆಮೇಲೆ ನಿಜವಾದ ಗಿರಾಕಿಗೂ ಸುದ್ದಿ ಮುಟ್ಟುವುದಿಲ್ಲ.

ಸೊಲ್ಲಾಪುರಿ ಚಾದರಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಆದರೆ ಮಾನ್ಯತೆ ತಾನಾಗಿ ಗಿರಾಕಿಯನ್ನು ಕರೆತರುವುದಿಲ್ಲ. ನೇಯುವವರಿಗೂ ಕೊಳ್ಳುವವರಿಗೂ ನೇರ ಪರಿಚಯ ಇದ್ದರೆ ಮಾತ್ರ ದಲ್ಲಾಳಿಯ ಕೈ ಕಾಯುವುದು ತಪ್ಪುತ್ತದೆ. ಹಾಗಾಗಿ ಪಟ್ಟಿ ಬೇಕೇ ಬೇಕು. ಅದನ್ನು ಪರಿಚಯದಿಂದ ಬೆಳೆಸಬೇಕು.

ನಮ್ಮ ಸಲಹೆಗಳು ಇವು:

1. ಗಲ್ಲಾದ ಪಕ್ಕದಲ್ಲಿ ಬೇರೆ ವಹಿ ಇಡಿ. "ಹೊಸ ಮಾಲು ಬಂದಾಗ ತಿಂಗಳಿಗೊಮ್ಮೆ ತಿಳಿಸಬಹುದೇ?" ಎಂದು ಕನ್ನಡ, ಮರಾಠಿ ಎರಡರಲ್ಲೂ ಬರೆದಿಡಿ. ಒಪ್ಪಿದವರೇ ತಮ್ಮ ಕೈಯಿಂದ ಬರೆಯಲಿ, ತಾರೀಖು ಹಾಕಲಿ.

2. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಪರ ಊರಿನವರು ಬರುತ್ತಾರೆ. ಮಾರಾಟ ಮುಗಿದ ಮೇಲೆ ಎರಡು ಮಾತಾಡಿ, ಊರು ಕೇಳಿ, ಆಮೇಲೆ ವಹಿ ತೋರಿಸಿ. ಇಂಥ ಇಪ್ಪತ್ತು ಹೆಸರು ಗುರುತಿಲ್ಲದ ಇನ್ನೂರಕ್ಕಿಂತ ಮೇಲು.

3. ಹಳೆಯ ಗಿರಾಕಿಯಿಂದ ನೆರೆಯವರ ನಂಬರ್ ಕೇಳಬೇಡಿ. ನಿಮ್ಮ ಸಂದೇಶವನ್ನು ಅವರೇ ನೆರೆಯವರಿಗೆ ಕಳಿಸಲಿ. ಇಷ್ಟವಾದವರು ತಾವಾಗಿ ಬರುತ್ತಾರೆ.

4. ಚಾದರದ ಅಂಗಡಿಯಲ್ಲಿ ಚಟ್ನಿಯವರ ಕಾರ್ಡು, ಚಟ್ನಿಯವರಲ್ಲಿ ಚಾದರದವರ ಕಾರ್ಡು ಇರಲಿ. ಕಾರ್ಡು ಹಂಚಿಕೊಳ್ಳಿ, ಪಟ್ಟಿ ಹಂಚಿಕೊಳ್ಳಬೇಡಿ.

5. ಹಲವರಿಗೆ ಒಂದೇ ಪತ್ರ ಕಳಿಸುವಾಗ ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣದಂತೆ 'ಬಿಸಿಸಿ' ಕಾಲಂನಲ್ಲಿ ಹಾಕಿ. ಕೇಳದೆ ಯಾರನ್ನೂ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಬೇಡಿ. ಬೇಡ ಎಂದವರ ಹೆಸರನ್ನು ಅದೇ ದಿನ ತೆಗೆಯಿರಿ.

ಹೀಗೆ ಮಾಡಿದರೆ ಪಟ್ಟಿ ನಿಧಾನವಾಗಿ ಬೆಳೆಯುತ್ತದೆ, ಅದು ನಮಗೂ ಗೊತ್ತು. ಉದರಿ ಕೊಡುವಾಗ ನಾವು ಮುಖ ನೋಡಿ, ಮನೆತನ ವಿಚಾರಿಸಿ ಕೊಡುತ್ತೇವೆ. ಗಿರಾಕಿಯೂ ತನ್ನ ನಂಬರನ್ನು ಹಾಗೆಯೇ ನಂಬಿಕೆ ನೋಡಿ ಕೊಡುತ್ತಾನೆ. ಸದಸ್ಯರಲ್ಲಿ ಹಿರಿಯರೇ ಹೆಚ್ಚು. ಮೋಸದ ಕರೆಗಳ ಈ ಕಾಲದಲ್ಲಿ ಅವರ ನಂಬರ್ ಸಂಘದಿಂದ ಹೊರಹೋಯಿತು ಎಂಬ ಮಾತು ಒಮ್ಮೆ ಹುಟ್ಟಿದರೆ, ಮುಂದೆ ಸಂಘದ ಆಮಂತ್ರಣವನ್ನೂ ಯಾರೂ ತೆರೆಯುವುದಿಲ್ಲ.

ಪಟ್ಟಿ ಕೊಡದಿದ್ದರೂ ಜಾಗ ಕೊಡುತ್ತೇವೆ. ರಾಜ್ಯೋತ್ಸವ ಸೇರಿದಂತೆ ಸಂಘದ ಕಾರ್ಯಕ್ರಮಗಳಲ್ಲಿ ಸದಸ್ಯ ವ್ಯಾಪಾರಸ್ಥರಿಗೆ ಸಭಾಂಗಣದ ಹೊರಗೆ ಒಂದು ಮೇಜು, ಎರಡು ಕುರ್ಚಿ ಉಚಿತ. ವಹಿ, ಪೆನ್ನು ನೀವೇ ತನ್ನಿ. ಒಪ್ಪಿಗೆ ಚೀಟಿಯ ಕನ್ನಡ–ಮರಾಠಿ ಮಾದರಿ ಬೇಕಾದವರು ಸಂಜೆ ಕಚೇರಿಗೆ ಬಂದು ಬರೆದುಕೊಳ್ಳಬಹುದು.

– ಕಾರ್ಯದರ್ಶಿ